ಶೆಡ್ ಕಟ್ಟಿ ನೋಡು!

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ನಮ್ಮ ಹಿರಿಯರು. ಪಾಪ, ಅವರು ನ್ಯೂಜೆರ್ಸಿಗೆ ಬಂದಿರಲಿಲ್ಲ. ಬಂದಿದ್ದರೆ "ಶೆಡ್ ಕಟ್ಟಿ ನೋಡು" ಎಂದು ಮೂರನೆಯದನ್ನೂ ಸೇರಿಸುತ್ತಿದ್ದರು. ನಾನು ಮನೆಯನ್ನೂ ಕೊಂಡಿದ್ದೇನೆ, ಮಗಳ ಮದುವೆಯನ್ನೂ ಮಾಡಿದ್ದೇನೆ. ಆಗೆಲ್ಲ ಬರದಷ್ಟು ಬೆವರು ಬಂದದ್ದು ನಮ್ಮ ಟೌನ್‌ಶಿಪ್‌ನ ಝೋನಿಂಗ್ ಬೋರ್ಡಿನ ಮುಂದೆ ಬಲಗೈ ಎತ್ತಿ ಪ್ರಮಾಣ ಮಾಡಿದಾಗ.

ಹಂಟರ್ಡನ್ ಕೌಂಟಿಯಲ್ಲಿ ನಮಗೆ ಏಳು ಎಕರೆ ಜಮೀನಿದೆ. ಒಂದು ಎಕರೆಯಲ್ಲಿ ಮನೆ, ಉಳಿದದ್ದರಲ್ಲಿ ಹುಲ್ಲು ಮತ್ತು ತರಕಾರಿ. ತೀರ್ಥಹಳ್ಳಿ ಸೀಮೆಯ ರೈತನ ಮಗನಿಗೆ ಐವತ್ತರ ಮೇಲೆ ಮಣ್ಣಿನ ಹುಚ್ಚು ಮರುಕಳಿಸುವುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಕಾಯಿಲೆಯಲ್ಲ. ಆದರೆ ನಮ್ಮ ಕೂಟದಲ್ಲೇ ಇನ್ನೂ ನಾಲ್ಕಾರು ರೋಗಿಗಳಿದ್ದಾರೆ. ಇಲ್ಲಿನ 1964ರ ಫಾರ್ಮ್‌ಲ್ಯಾಂಡ್ ಅಸೆಸ್‌ಮೆಂಟ್ ಕಾಯ್ದೆ ಈ ಹುಚ್ಚಿಗೆ ಸ್ವಲ್ಪ ಪ್ರೋತ್ಸಾಹವನ್ನೂ ಕೊಡುತ್ತದೆ. ಮನೆಯ ಜಾಗ ಬಿಟ್ಟು ಕನಿಷ್ಠ ಐದು ಎಕರೆಯಲ್ಲಿ ಎರಡು ವರ್ಷ ಬೇಸಾಯ ನಡೆದಿದ್ದು, ಆ ಐದು ಎಕರೆಯಿಂದ ವರ್ಷಕ್ಕೆ 1000 ಡಾಲರ್ ಮಾರಾಟವಾದರೆ ಜಮೀನಿನ ತೆರಿಗೆ ಬಹಳ ಇಳಿಯುತ್ತದೆ. ಈ ಮೊತ್ತ ಮೊದಲು 500 ಇತ್ತು. 2015ರ ತೆರಿಗೆ ವರ್ಷದಿಂದ ಏರಿತು.

ಬೇಸಾಯವೆಂದ ಮೇಲೆ ಟ್ರ್ಯಾಕ್ಟರ್ ಬಂತು, ಹುಲ್ಲಿನ ಪಿಂಡಿಗಳು ಬಂದವು. ಜೊತೆಗೆ ನಮ್ಮ ಕೂಟದ ಗಣಪತಿ ಮಂಟಪ, ನಾಟಕದ ಪರದೆಗಳು, ಊಟದ ದೊಡ್ಡ ಪಾತ್ರೆಗಳು ಇಪ್ಪತ್ತು ವರ್ಷಗಳಿಂದ ಒಬ್ಬರ ಗರಾಜಿನಿಂದ ಇನ್ನೊಬ್ಬರ ಗರಾಜಿಗೆ ವನವಾಸ ಮಾಡುತ್ತಿದ್ದವು. ನಲವತ್ತು ಅಡಿಗೆ ಅರವತ್ತು ಅಡಿಯ ಒಂದು ಶೆಡ್ ಕಟ್ಟಿಸಿದರೆ ಎಲ್ಲವೂ ಅಲ್ಲಿರಲಿ, ಸಂಕ್ರಾಂತಿಗೆ ನೂರು ಜನ ಸೇರಿ ಎಳ್ಳು ಬೀರಲೂ ಆಗಲಿ ಎಂದು ನನ್ನ ಲೆಕ್ಕ.

ಪೋಲ್ ಬಾರ್ನ್ ಕಟ್ಟುವ ಒಬ್ಬ ಕಂಟ್ರಾಕ್ಟರ್ ಸಿಕ್ಕಿದ. "ಕಂಬ ನೆಟ್ಟು ತಗಡು ಹೊದಿಸುವುದಷ್ಟೇ, ಅಡಿಪಾಯವಿಲ್ಲ, ಜಮೀನು ಬೇರೆ ರೈತರದ್ದು. ಪರ್ಮಿಟ್ ಬೇಡ ಡಾಕ್ಟರ್" ಎಂದ. ನನ್ನ ರೋಗಿಗಳು ಯಾರೋ ಹೇಳಿದರೆಂದು ಮಾತ್ರೆ ನುಂಗಿ ಬಂದರೆ ಅರ್ಧ ಗಂಟೆ ಉಪದೇಶ ಮಾಡುವವನು ನಾನು. ಆದರೆ ಈ ಮಾತು ಕಿವಿಗೆ ಹಿತವಾಗಿತ್ತು, ನಂಬಿದೆ. 2022ರ ಏಪ್ರಿಲ್‌ನಲ್ಲಿ ಹನ್ನೆರಡು ಗುಳಿ ತೋಡಿದ ಮೂರನೆಯ ದಿನ ಕೆಲಸ ನಿಲ್ಲಿಸುವಂತೆ ಆದೇಶ ಬಂತು. ಗುಳಿಗಳಲ್ಲಿ ಮಳೆನೀರು ನಿಂತು ಕಪ್ಪೆಗಳು ವಟಗುಟ್ಟತೊಡಗಿದವು. ನನ್ನಾಕೆ ಅಂದಳು: "ಪೇಷೆಂಟ್‌ಗಳಿಗೊಂದು ನ್ಯಾಯ, ನಿಮಗೊಂದು ನ್ಯಾಯವೇನ್ರೀ?"

ಆಮೇಲೆ ಕಾನೂನು ಓದಿದೆ. ಮನೆಯ ಹಿತ್ತಲಿನ ಸಣ್ಣ ಶೆಡ್‌ಗೆ ನ್ಯೂಜೆರ್ಸಿಯಲ್ಲಿ 200 ಚದರ ಅಡಿಯವರೆಗೆ, ನ್ಯೂಯಾರ್ಕ್ ರಾಜ್ಯದ ಸಂಹಿತೆಯಲ್ಲಿ 144 ಚದರ ಅಡಿಯವರೆಗೆ ಕಟ್ಟಡ ಪರ್ಮಿಟ್‌ನಿಂದ ವಿನಾಯಿತಿ ಇದೆ. ನನ್ನದು 2400! ಅದಕ್ಕಿಂತ ದೊಡ್ಡ ತೊಡಕು ಝೋನಿಂಗ್‌ನದು. ಈ ಝೋನಿಂಗ್ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಪ್ರಸಿದ್ಧ ಕಥೆಯಿದೆ. ಮ್ಯಾನ್‌ಹ್ಯಾಟನ್‌ನ ಬ್ರಾಡ್‌ವೇಯಲ್ಲಿ 1915ರಲ್ಲಿ ಮುಗಿದ ಈಕ್ವಿಟಬಲ್ ಬಿಲ್ಡಿಂಗ್ ಸುತ್ತಲಿನ ಬೀದಿಗಳ ಬಿಸಿಲನ್ನೇ ನುಂಗಿತು. ಮರುವರ್ಷ, 1916ರಲ್ಲಿ, ನ್ಯೂಯಾರ್ಕ್ ನಗರ ತನ್ನ ಝೋನಿಂಗ್ ನಿಯಮ ತಂದಿತು. ನಿನ್ನ ಜಾಗ ನಿನ್ನದೇ, ಆದರೆ ನಿನ್ನ ಕಟ್ಟಡದ ನೆರಳು ಎಲ್ಲಿ ಬೀಳುತ್ತದೆ ಎಂದು ಊರು ಕೇಳಬಹುದು ಎಂಬುದು ಅದರ ಸಾರ.

ನಮ್ಮ ಟೌನ್‌ಶಿಪ್‌ನಲ್ಲಿ ಇಂಥ ಶೆಡ್ ಪಕ್ಕದ ಗಡಿಯಿಂದ 50 ಅಡಿ ದೂರವಿರಬೇಕು. ನನಗೆ ಸಿಗುತ್ತಿದ್ದುದು 25 ಅಡಿ. ಆಚೆಗೆ ಸೆಪ್ಟಿಕ್ ಫೀಲ್ಡ್, ಅದರಾಚೆ ಜೌಗು ನೆಲ. ಅಂದರೆ 'ವೇರಿಯನ್ಸ್' ಬೇಕು. ನ್ಯೂಜೆರ್ಸಿಯ 1975ರ ಭೂಬಳಕೆ ಕಾಯ್ದೆಯ ಪ್ರಕಾರ, ವಿಚಾರಣೆಗೆ ಕನಿಷ್ಠ ಹತ್ತು ದಿನ ಮೊದಲು, ನಮ್ಮ ಗಡಿಯಿಂದ 200 ಅಡಿಯೊಳಗಿನ ಎಲ್ಲ ಆಸ್ತಿಯ ಮಾಲೀಕರಿಗೂ ನೋಟಿಸ್ ತಲುಪಿಸಿ, ಪತ್ರಿಕೆಯಲ್ಲೂ ಪ್ರಕಟಿಸಬೇಕಿತ್ತು. ಟೌನ್‌ಶಿಪ್‌ನವರೇ ಪಟ್ಟಿ ಕೊಟ್ಟರು. ಒಂಬತ್ತು ಹೆಸರುಗಳು. ಹದಿನಾಲ್ಕು ವರ್ಷದಿಂದ ಅಲ್ಲಿದ್ದೇನೆ. ಅದರಲ್ಲಿ ನನಗೆ ಗೊತ್ತಿದ್ದ ಹೆಸರು ಎರಡೇ ಎರಡು! ಎಡಿಸನ್ನಿನ ಪ್ರತಿಯೊಬ್ಬ ಕನ್ನಡಿಗನ ಅಡಿಗೆಮನೆ ನನಗೆ ಗೊತ್ತು. ಬೇಲಿಯಾಚೆಯ ಮನೆಯಲ್ಲಿ ಯಾರಿದ್ದಾರೆ ಎಂಬುದು ಗೊತ್ತಿರಲಿಲ್ಲ.

ಸರ್ಟಿಫೈಡ್ ಟಪಾಲಿನಲ್ಲಿ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ನನ್ನಾಕೆ ಬಿಡಲಿಲ್ಲ. ಕೋಡುಬಳೆ ಡಬ್ಬಿ ಕೈಗಿಟ್ಟು ಮನೆಮನೆಗೂ ಕಳಿಸಿದಳು. ಪೂರ್ವದ ಗಡಿಯ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಒಂಟಿಯಾಗಿದ್ದರು. ನನ್ನನ್ನು ಕೂರಿಸಲಿಲ್ಲ, ನೆಲಮಾಳಿಗೆಗೆ ಕರೆದೊಯ್ದರು. ಗೋಡೆಯ ಮೇಲೆ ನನ್ನ ಸೊಂಟದೆತ್ತರಕ್ಕೆ ಒಂದು ಕೆಸರಿನ ಗೆರೆ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ನಮಗೆಲ್ಲ ನೆನಪಿದೆ. ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಗೆ ಮೂರು ಅಂಗುಲ ಮೀರಿತು. ಅಂದು ನಮ್ಮ ಇಳಿಜಾರಿನ ನೀರೆಲ್ಲ ಅವರ ಮನೆಗೆ ನುಗ್ಗಿತ್ತು. ಮಧ್ಯರಾತ್ರಿ ಮೆಟ್ಟಿಲ ಮೇಲೆ ಕೂತು ನೀರು ಏರುವುದನ್ನು ನೋಡುತ್ತಿದ್ದರಂತೆ. ಇನ್ನೂರು ಗಜ ದೂರದಲ್ಲಿ ಒಬ್ಬ ಡಾಕ್ಟರ್ ಮಲಗಿ ನಿದ್ದೆ ಮಾಡುತ್ತಿದ್ದ. "ಈಗ ನೀನು ಅಲ್ಲೊಂದು ತಗಡಿನ ಮಾಡು ಕಟ್ಟುತ್ತೀಯಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ರಾತ್ರಿ ಲೆಕ್ಕ ಹಾಕಿದೆ. 2400 ಚದರ ಅಡಿ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1500 ಗ್ಯಾಲನ್ ನೀರು. ಐಡಾದಂಥ ಮಳೆಯಲ್ಲಿ ಗಂಟೆಗೆ 4500.

ಆಗ ಅಪ್ಪಯ್ಯ ನೆನಪಾದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರು ದನದ ಕೊಟ್ಟಿಗೆ ಹೊಸದಾಗಿ ಕಟ್ಟಿಸಿದರು. ಕಂಬ ನೆಡುವ ಮುನ್ನ ಪಕ್ಕದ ಮನೆಯವರನ್ನು ಜಗಲಿಗೆ ಕರೆದು, ಎಲೆ ಅಡಿಕೆ ಕೊಟ್ಟು, "ಸೂರಿನ ನೀರು ನಿಮ್ಮ ಕಡೆ ಬೀಳುವುದಿಲ್ಲ ಮಾರಾಯ, ಬೇಕಾದರೆ ಒಂದು ಮೊಳ ಒಳಗೆ ತೆಗೆದುಕೊಳ್ಳುತ್ತೇನೆ" ಎಂದರು. ನಕ್ಷೆಯಿಲ್ಲ, ವಕೀಲರಿಲ್ಲ. ಊರಲ್ಲಿ ಸೂರಿನ ನೀರಿಗಾಗಿ ಮೂರು ತಲೆಮಾರು ಮಾತು ಬಿಟ್ಟ ಮನೆಗಳಿದ್ದವು. ಅಪ್ಪಯ್ಯನಿಗೆ ಅದು ಗೊತ್ತಿತ್ತು. ಆ 200 ಅಡಿಯ ನೋಟಿಸ್ ಅಂದರೆ ಅದೇ ಎಲೆ ಅಡಿಕೆ ಎಂದು ನನಗೆ ಹೊಳೆದದ್ದು ಅಂದೇ.

ಎಂಜಿನಿಯರನ್ನು ಕರೆಸಿ ನಕ್ಷೆ ತಿದ್ದಿಸಿದೆ. ಅಗಲ ಹತ್ತಡಿ ಕಡಿಮೆಯಾಯಿತು, ಗಡಿಯಿಂದ ದೂರ 35 ಅಡಿಯಾಯಿತು. ಮಾಡಿನ ನೀರು ದೋಣಿಯಲ್ಲಿ ಇಳಿದು, ಜಲ್ಲಿ ತುಂಬಿದ ಇಂಗುಗುಂಡಿಗೆ ಹೋಗುವಂತೆ ಬರೆಸಿದೆ.

ವಿಚಾರಣೆಯ ದಿನ ಏಳು ಜನ ಸದಸ್ಯರು ಕೂತಿದ್ದರು. ಒಬ್ಬರು ನಿವೃತ್ತ ಶಿಕ್ಷಕಿ, ಒಬ್ಬ ಪ್ಲಂಬರ್, ಒಬ್ಬ ಕುದುರೆ ಸಾಕುವವ. ಎಲ್ಲ ನಮ್ಮಂತೆ ಊರಿನವರೇ. ನನ್ನ ವಕೀಲರು ಮೊದಲೇ ಎಚ್ಚರಿಸಿದ್ದರು: "ಟ್ರ್ಯಾಕ್ಟರ್, ಹುಲ್ಲು, ಸಾಮಾನು. ಅಷ್ಟೇ ಹೇಳಿ." ಅಧ್ಯಕ್ಷರು ಕೇಳಿದರು: "ಇಲ್ಲಿ ಜನ ಸೇರುವ ಉದ್ದೇಶವಿದೆಯೇ?" ಇಲ್ಲ ಎನ್ನಲು ಬಾಯಿ ತೆರೆದೆ. ಹಿಂದಿನ ಸಾಲಿನಲ್ಲಿ ಆ ಅಜ್ಜಿ ಕೂತಿದ್ದರು. "ಇತ್ತು. ವರ್ಷಕ್ಕೊಮ್ಮೆ ಹಬ್ಬಕ್ಕೆ ನೂರು ಜನ" ಎಂದುಬಿಟ್ಟೆ. ವಕೀಲರು ತಲೆ ತಗ್ಗಿಸಿದರು.

ಅಧ್ಯಕ್ಷರು ಸಿಟ್ಟಾಗಲಿಲ್ಲ, ವಿವರಿಸಿದರು. ಜನ ಸೇರುವ ಜಾಗವೆಂದರೆ ಬೆಂಕಿ ಬಿದ್ದಾಗ ಹೊರಬರುವ ದಾರಿ, ಶೌಚಾಲಯ, ಪಾರ್ಕಿಂಗ್ ಎಲ್ಲ ಬೇಕು. ನಿಷಿದ್ಧ ಬಳಕೆಗೆ ವೇರಿಯನ್ಸ್ ಬೇಕೆಂದರೆ ಏಳರಲ್ಲಿ ಐದು ಮತ ಬೇಕೇ ಬೇಕು. ಹುಲ್ಲಿನ ಪಿಂಡಿಗಳ ನಡುವೆ ನಮ್ಮ ಮಕ್ಕಳನ್ನು ಕೂರಿಸಿ ದೀಪ ಹಚ್ಚುವ ಚಿತ್ರ ಕಣ್ಣಿಗೆ ಬಂದು ವೈದ್ಯನಾದ ನನಗೇ ನಡುಕ ಬಂತು. ಆ ಆಸೆ ಅಲ್ಲೇ ಬಿಟ್ಟೆ. ಸಾಮಾನು ಇಡಬಹುದು, ಸಮಾರಂಭ ಮಾಡುವಂತಿಲ್ಲ ಎಂಬ ಷರತ್ತಿನ ಮೇಲೆ ಆರು ಮತಗಳಿಂದ ಒಪ್ಪಿಗೆ ಸಿಕ್ಕಿತು. ಅಜ್ಜಿ ವಿರೋಧಿಸಲಿಲ್ಲ. ಇಂಗುಗುಂಡಿ ಮೊದಲು ಆಗಲಿ, ಮಾಡು ಆಮೇಲೆ ಎಂದಷ್ಟೇ ಕೇಳಿದರು. ಹಾಗೇ ಮಾಡಿದೆ.

ಇದೇ ದಾರಿಯಲ್ಲಿರುವ ಕನ್ನಡ ಬಂಧುಗಳಿಗೆ ಕೆಲವು ಕಿವಿಮಾತು. ನಿಯಮ ಟೌನ್‌ಶಿಪ್‌ನಿಂದ ಟೌನ್‌ಶಿಪ್‌ಗೆ ಬೇರೆ. ಸ್ನೇಹಿತರ ಅನುಭವ ನಂಬಬೇಡಿ, ನನ್ನದನ್ನೂ ಸೇರಿಸಿ. ಕಂಟ್ರಾಕ್ಟರ್‌ಗೆ ಮುಂಗಡ ಕೊಡುವ ಮೊದಲು ಝೋನಿಂಗ್ ಆಫೀಸರನ್ನು ಕಾಣಿ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿ, ನ್ಯೂಜೆರ್ಸಿಯಲ್ಲಿ ಮೂರು ಕೆಲಸದ ದಿನ ಮುಂಚೆ. 5000 ಚದರ ಅಡಿಗಿಂತ ಹೆಚ್ಚು ನೆಲ ಕೆದಕುವುದಾದರೆ ಮಣ್ಣು ಸಂರಕ್ಷಣಾ ಇಲಾಖೆಯ ಒಪ್ಪಿಗೆ ಬೇಕೇ ಎಂದು ವಿಚಾರಿಸಿ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿ ಕಂಬವನ್ನು ಮೇಲೆತ್ತುತ್ತದೆ, ಗುಳಿ ಅದಕ್ಕಿಂತ ಆಳವಿರಲಿ. ಇನ್‌ಸ್ಪೆಕ್ಟರ್ ನೋಡುವ ತನಕ ಕಾಂಕ್ರೀಟ್ ಸುರಿಯಬೇಡಿ.

ಈಗ ನಮ್ಮ ಗಣಪತಿ ಮಂಟಪಕ್ಕೆ ಸ್ವಂತ ಸೂರಿದೆ. ಸಂಕ್ರಾಂತಿ ಮೊದಲಿನಂತೆ ಸ್ಕೂಲಿನ ಬಾಡಿಗೆ ಹಾಲಿನಲ್ಲೇ. ಜೋರು ಮಳೆ ಬಂದ ರಾತ್ರಿ ನಾನು ಟಾರ್ಚ್ ಹಿಡಿದು ಪಕ್ಕದ ಮನೆಗೆ ಹೋಗುತ್ತೇನೆ. ಅಜ್ಜಿ ಬಾಗಿಲು ತೆಗೆದಿಟ್ಟಿರುತ್ತಾರೆ. ಇಬ್ಬರೂ ನೆಲಮಾಳಿಗೆಗೆ ಇಳಿದು ನೋಡುತ್ತೇವೆ.