ಓರೆಮನೆ ಕಲಿಸುವ ನೇರ ಪಾಠ

ಗಣಿಗಾರಿಕೆಯಿಂದ ನೆಲಕಚ್ಚಿದ ಕಟ್ಟಡಗಳು ಅನೇಕ. ಅದರಿಂದಲೇ ಪ್ರಸಿದ್ಧಿ ಪಡೆದದ್ದು ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನ ಹಿಮ್ಲಿ ಗ್ರಾಮದ ಬಳಿಯಿದ್ದ 'ಕ್ರೂಕೆಡ್ ಹೌಸ್' ಎಂಬ ಪಬ್. 1765ರಲ್ಲಿ ರೈತನ ಮನೆಯಾಗಿ ಕಟ್ಟಲಾದ ಈ ಇಟ್ಟಿಗೆಯ ಕಟ್ಟಡ 1830ರ ಸುಮಾರಿಗೆ ಪಾನಗೃಹವಾಯಿತು. ಅಡಿಯಲ್ಲಿ ಗಣಿಗಾರಿಕೆ ನಡೆದು ನೆಲ ಕುಸಿದುದರಿಂದ ಅದರ ಒಂದು ಬದಿ ಮತ್ತೊಂದಕ್ಕಿಂತ ಸುಮಾರು 4 ಅಡಿ ತಗ್ಗಿತು. ಗೋಡೆಗಳಿಗೆ ಒತ್ತಾಸೆ ಕೊಟ್ಟು ಅದನ್ನು ಉಳಿಸಿಕೊಳ್ಳಲಾಯಿತು. ನೇರವಾಗಿ ತೂಗುಹಾಕಿದ ಗಡಿಯಾರ ಅಲ್ಲಿ ಓರೆಯಾಗಿ ತೋರುತ್ತಿತ್ತು. ಮೇಜಿನ ಮೇಲಿಟ್ಟ ಗೋಲಿ ಏರಿನತ್ತ ಉರುಳುವಂತೆ ಕಾಣುತ್ತಿತ್ತು.

ಇಷ್ಟಿದ್ದರೂ ಅದು ರಾಷ್ಟ್ರೀಯ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರಲಿಲ್ಲ. 2023ರ ಜುಲೈನಲ್ಲಿ ಮಾರಾಟವಾಯಿತು. ಆಗಸ್ಟ್ 5ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಎರಡೇ ದಿನಗಳಲ್ಲಿ, ಸ್ಥಳೀಯ ಆಡಳಿತದ ಒಪ್ಪಿಗೆಯಿಲ್ಲದೆ, ಸಂಪೂರ್ಣ ನೆಲಸಮವಾಯಿತು. ಸುರಕ್ಷತೆಗಾಗಿ ಮೇಲಂತಸ್ತಿನ ಕೆಲಭಾಗವನ್ನು ತೆಗೆಯಲು ಮಾತ್ರ ತಾನು ಸಮ್ಮತಿಸಿದ್ದಾಗಿ ಆಡಳಿತ ಹೇಳಿತು. ಪೊಲೀಸರು ಇದನ್ನು ಉದ್ದೇಶಪೂರ್ವಕ ಬೆಂಕಿಯ ಪ್ರಕರಣವೆಂದು ತನಿಖೆ ನಡೆಸಿದರು. 2024ರ ಫೆಬ್ರವರಿಯಲ್ಲಿ, ಮೂರು ವರ್ಷಗಳೊಳಗೆ ಕಟ್ಟಡವನ್ನು ಹಿಂದಿನಂತೆಯೇ ಕಟ್ಟಬೇಕೆಂದು ಆಡಳಿತ ಆದೇಶಿಸಿತು. ಮಾಲೀಕರು ಮೇಲ್ಮನವಿ ಸಲ್ಲಿಸಿದರು.

ಈ ಆದೇಶ ಅತಿಯಾಯಿತೆಂದು ಕೆಲವರು ಹೇಳಬಹುದು. ನನಗೆ ಹಾಗೆನಿಸುವುದಿಲ್ಲ. ಲಾಭಕ್ಕಿಂತ ದಂಡ ಕಡಿಮೆಯಿದ್ದಲ್ಲಿ ದಂಡವೆಂಬುದು ವ್ಯವಹಾರದ ಮತ್ತೊಂದು ಖರ್ಚಷ್ಟೇ. ತೆರವಾದ ನಿವೇಶನದ ಲಾಭವನ್ನೇ ಇಲ್ಲವಾಗಿಸುವ ಶಿಕ್ಷೆ ಮಾತ್ರ ಮುಂದಿನವರನ್ನು ತಡೆಯಬಲ್ಲದು. ಇದಕ್ಕೆ ಪೂರ್ವನಿದರ್ಶನವೂ ಇದೆ. ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಎಂಬ ಪಬ್ಬನ್ನು 2015ರಲ್ಲಿ ಅನುಮತಿಯಿಲ್ಲದೆ ಕೆಡವಲಾಗಿತ್ತು. ಅದನ್ನು ಮೊದಲಿನಂತೆಯೇ ಕಟ್ಟಿಸಲಾಯಿತು. 2021ರಲ್ಲಿ ಅದು ಮತ್ತೆ ಬಾಗಿಲು ತೆರೆಯಿತು.

ಆದರೆ ಆ ಪಬ್ಬಿನ ವಿವರಗಳನ್ನು ಪರಂಪರೆ ಇಲಾಖೆಯ ತಜ್ಞರು ಮೊದಲೇ ದಾಖಲಿಸಿದ್ದರು. ಮರುನಿರ್ಮಾಣ ಸಾಧ್ಯವಾದದ್ದು ಅದರಿಂದ. ಓರೆಮನೆಯ ಕಥೆ ಬೇರೆ. ಇಟ್ಟಿಗೆಗಳನ್ನು ಮತ್ತೆ ಜೋಡಿಸಬಹುದು. ಓರೆಯನ್ನೂ ಅಳತೆ ಹಿಡಿದು ಕಟ್ಟಬಹುದು. ನೆಲ ಕುಸಿದಂತೆಲ್ಲ ತಾನೂ ವಾಲಿ, ಬೀಳದೆ ನಿಂತ ಗೋಡೆಯ ಚರಿತ್ರೆಯನ್ನು ಯಾವ ಆದೇಶವೂ ಮರಳಿಸಲಾರದು. ಆದ್ದರಿಂದ ಶಿಕ್ಷೆ ಎಷ್ಟು ಕಠಿಣವಾಗಿದ್ದರೂ ಅದು ಎರಡನೆಯ ಉಪಾಯ. ಜನ ಪ್ರೀತಿಸುವ ಕಟ್ಟಡಗಳನ್ನು ಅವು ಕೈಬದಲಾಗುವ ಮುನ್ನವೇ ಪಟ್ಟಿಗೆ ಸೇರಿಸಿ ದಾಖಲಿಸುವುದೇ ಆಡಳಿತದ ಮೊದಲ ಹೊಣೆ. ಅದಕ್ಕೆ ತಗಲುವ ವೆಚ್ಚ, ಬೂದಿಯಿಂದ ಮನೆ ಕಟ್ಟಿಸುವ ವೆಚ್ಚಕ್ಕಿಂತ ಖಂಡಿತ ಕಡಿಮೆ.