ಗೋಡೆಯ ಮೇಲಿನ ಕೋವಿ ಖಾಲಿಯೇ?

ಪೆಟ್ಲು ಗೊತ್ತೇ ಮಕ್ಕಳೇ? ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕುಳಿತ ಅಜ್ಜನನ್ನು ಕೇಳಿ. ಗೇಣುದ್ದದ ಸಪೂರ ಬಿದಿರಿನ ಕೊಳವೆ, ತಳ್ಳಲು ಒಂದು ಕಡ್ಡಿ, ಎರಡು ಹಸಿ ಕಾಯಿ. ಒಂದು ಕಾಯಿಯನ್ನು ಆಚೆ ತುದಿಗೆ ಬಿಗಿಯಾಗಿ ಕೂರಿಸಿ, ಇನ್ನೊಂದನ್ನು ಈಚೆಯಿಂದ ತಳ್ಳಬೇಕು. ನಡುವೆ ಸಿಕ್ಕಿಬಿದ್ದ ಗಾಳಿ ಒತ್ತಿಕೊಂಡು, ಮುಂದಿನ ಕಾಯಿ 'ಫಟ್' ಎಂದು ಹಾರುತ್ತದೆ.

ಪೆಟ್ಲಿಗೆ ಆ ನಡುವಿನ ಜಾಗವೇ ಜೀವ. ಆದರೆ ಅಜ್ಜನ ಕಾಲದ ಕೇಪಿನ ಕೋವಿಯಲ್ಲಿ ಅಂಥದೇ ಒಂದು ಜಾಗ ಉಳಿದುಬಿಟ್ಟರೆ ಗುಂಡು ಹಾರುವ ಬದಲು ಕೋವಿಯೇ ಸಿಡಿಯಬಹುದು.

ಕೈಗಾ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಅಣು ವಿದ್ಯುತ್ ಸ್ಥಾವರ. ಆದರೆ ಅದರ ಸುತ್ತಮುತ್ತ, ಕಾಳಿ ನದಿಯ ಆಚೀಚೆ ಇರುವುದು ಕಾಡು, ಕಾಡಿನಂಚಿಗೆ ಗದ್ದೆ, ಅಡಿಕೆ ತೋಟ. ಹಂದಿ, ಮಂಗಗಳ ಕಾಟ ಇಲ್ಲಿಗೆ ಹೊಸದಲ್ಲ. ಮಾಳ ಕಟ್ಟಿ ರಾತ್ರಿಯಿಡೀ ಕಾಯುವುದು, ಕೂಗು ಹಾಕುವುದು, ಡಬ್ಬ ಬಡಿಯುವುದು, ಯಾವುದಕ್ಕೂ ಬಗ್ಗದಿದ್ದರೆ ಹೆದರಿಸಲು ಒಂದು ಈಡು. ಅದಕ್ಕೆಂದೇ ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದ ಕೋವಿಗಳು ಕಾರವಾರ, ಅಂಕೋಲಾ, ಯಲ್ಲಾಪುರದ ಕಡೆಯ ಹಳ್ಳಿಮನೆಗಳಲ್ಲಿ ಈಗಲೂ ಇವೆ. ಚುನಾವಣೆ ಬಂತೆಂದರೆ ಅವನ್ನು ಠಾಣೆಗೆ ಒಪ್ಪಿಸಿ ಬರಬೇಕು. ಹಂದಿಗಳಿಗೆ ಮಾತ್ರ ಚುನಾವಣೆಯ ರಜೆ ಇಲ್ಲ ಎಂದು ರೈತರು ಗೊಣಗುವುದೂ ಪ್ರತಿ ಸಲ ಇದ್ದದ್ದೇ.

ಈ ಕೋವಿಗೆ ಈಗಿನ ಬಂದೂಕಿನಂತೆ ಹಿಂದಿನಿಂದ ತೋಟಾ ತುರುಕುವಂತಿಲ್ಲ. ಎಲ್ಲವೂ ಬಾಯಿಯಿಂದಲೇ ಒಳಗೆ ಹೋಗಬೇಕು. ಮೊದಲು ಮಸಿ, ಅಂದರೆ ಕರಿಮದ್ದು. ಅದರ ಮೇಲೆ ತೆಂಗಿನ ಕತ್ತದ ಉಂಡೆ, ಆಮೇಲೆ ಚರೆ ಅಥವಾ ಗುಂಡು. 'ಗಜ' ಎಂಬ ಉದ್ದನೆಯ ಕಡ್ಡಿಯಿಂದ ಎಲ್ಲವನ್ನೂ ತಳದವರೆಗೆ ಇಳಿಸಬೇಕು. ಕುದುರೆ ಎಳೆದಾಗ ಕೇಪು ಚಟ್ಟೆನ್ನುತ್ತದೆ, ಕಿಡಿ ಒಳಗೆ ಹೋಗುತ್ತದೆ, ಮಸಿ ಉರಿದು ಬಿಸಿ ಅನಿಲವಾಗುತ್ತದೆ. ಆ ಕ್ಷಣ ನಳಿಗೆಯೊಳಗೆ ಹುಟ್ಟುವ ಒತ್ತಡ ಕಾರಿನ ಟೈರಿನೊಳಗಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಗುಂಡು ಮುಂದೆ ಸರಿದು ದಾರಿ ಬಿಟ್ಟುಕೊಟ್ಟರೆ ಒತ್ತಡ ಇಳಿಯುತ್ತದೆ. ದಾರಿ ಸಿಗದಿದ್ದರೆ?

ಗಜ ಅರ್ಧಕ್ಕೇ ನಿಂತು, ಗುಂಡು ಮಸಿಯಿಂದ ಒಂದು ಗೇಣು ಮೇಲೆಯೇ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ಹಳೆಯ ಮಸಿಯ ಕಿಟ್ಟ ಒಳಗೆ ಗಟ್ಟಿಯಾಗಿದ್ದರೆ ಹೀಗಾಗುವುದು ಸುಲಭ. ಆಗ ಬೆಂಕಿಯ ಅನಿಲ ಖಾಲಿ ಜಾಗದಲ್ಲಿ ವೇಗವಾಗಿ ನುಗ್ಗಿ ಬಂದು, ಅಲ್ಲಾಡದೆ ಕುಳಿತ ಗುಂಡಿಗೆ ಗೋಡೆಗೆ ಗುದ್ದಿದಂತೆ ಗುದ್ದುತ್ತದೆ. ಆ ಜಾಗದಲ್ಲಿ ಒತ್ತಡ ಒಮ್ಮೆಲೇ ಏರುತ್ತದೆ. ಅದೃಷ್ಟವಿದ್ದರೆ ನಳಿಗೆ ಬಳೆ ತೊಟ್ಟಂತೆ ಉಬ್ಬಿ ನಿಲ್ಲುತ್ತದೆ. ಇಲ್ಲದಿದ್ದರೆ ಬಿರಿಯುತ್ತದೆ. ನಳಿಗೆಯನ್ನು ಹಿಡಿದ ಎಡಗೈ ಅಲ್ಲೇ ಇರುತ್ತದೆ, ಮುಖವೂ ದೂರವಿಲ್ಲ.

ಬಾಯಿಗೆ ಮಣ್ಣು ಮೆತ್ತಿದ್ದರೂ, ಒರೆಸಿದ ಬಟ್ಟೆ ಒಳಗೇ ಉಳಿದಿದ್ದರೂ ಅಪಾಯ ಇದೇ. ಮಣ್ಣಿನ ಗೂಡು ಕಟ್ಟುವ ಕಣಜಕ್ಕಂತೂ ಇಂಥ ತೂತೆಂದರೆ ಬಲು ಇಷ್ಟ. ಮೂಲೆಯಲ್ಲಿ ನಿಲ್ಲಿಸಿದ ಕೋವಿಯ ನಳಿಗೆಯೊಳಗೆ ಅದು ಸದ್ದಿಲ್ಲದೆ ಸಂಸಾರ ಹೂಡಿರಬಹುದು.

ಇನ್ನೊಂದು ಅಪಾಯ ಮರೆವಿನದು. ಸಂಜೆ ಈಡು ತುಂಬಿದ್ದಾಯಿತು, ಆ ರಾತ್ರಿ ಹಂದಿ ಬರಲಿಲ್ಲ. ಕೋವಿ ಗೋಡೆಯ ಗೂಟಕ್ಕೆ ಹೋಯಿತು. ತಿಂಗಳು ಕಳೆದ ಮೇಲೆ ತುಂಬಿದ್ದು ನೆನಪಿಲ್ಲ, ಅಥವಾ ತುಂಬಿದವರು ಒಬ್ಬರು, ತೆಗೆದವರು ಇನ್ನೊಬ್ಬರು. ಒಂದು ಈಡಿನ ಮೇಲೆ ಮತ್ತೊಂದು ಈಡು! ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಅದಕ್ಕೇ ಅನುಭವಸ್ಥರು ಗಜದ ಮೇಲೆ ಗುರುತು ಹಾಕಿಡುತ್ತಾರೆ. ಖಾಲಿ ಕೋವಿಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆ, ಒಂದು ಈಡು ಇದ್ದಾಗ ಎಲ್ಲಿಗೆ ನಿಲ್ಲುತ್ತದೆ ಎಂಬ ಎರಡು ಗೀಟು. ಕಾಸು ಖರ್ಚಿಲ್ಲದ ಈ ಉಪಾಯ ನನಗಂತೂ ಬಹಳ ಮೆಚ್ಚು.

ಮಸಿ ಸಿಗಲಿಲ್ಲವೆಂದು ತೋಟಾ ಬಿಚ್ಚಿ ಅದರ ಮದ್ದನ್ನು ಸುರಿಯುವವರೂ ಇದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ತೋಟಾದ ಹೊಗೆಯಿಲ್ಲದ ಮದ್ದು ಬೇರೆಯದೇ ಜಾತಿ. ಒತ್ತಡ ಏರಿದಷ್ಟೂ ಅದು ಇನ್ನಷ್ಟು ಜೋರಾಗಿ ಉರಿಯುತ್ತದೆ. ಹಳೆಯ ಕೋವಿಯ ಕಬ್ಬಿಣಕ್ಕೆ ಅದನ್ನು ತಡೆಯುವ ತಾಕತ್ತಿಲ್ಲ.

ತಾಕತ್ತಿನ ಮಾತು ಬಂದಾಗ ನಮ್ಮ ಮಳೆಗಾಲವನ್ನು ಬಿಡುವಂತಿಲ್ಲ. ಸುಟ್ಟ ಮಸಿಯ ಕಿಟ್ಟ ಉಪ್ಪಿನಂತೆ ತೇವ ಎಳೆಯುತ್ತದೆ. ತೊಳೆದು ಎಣ್ಣೆ ಹಚ್ಚದಿದ್ದರೆ ಆಷಾಢ ಮುಗಿಯುವಷ್ಟರಲ್ಲಿ ಒಳಗೆಲ್ಲ ತುಕ್ಕು. ಹೊರಗೆ ಫಳಫಳ ಹೊಳೆಯುವ ನಳಿಗೆ ಒಳಗೆ ಹುಳ ತಿಂದಂತೆ ತೆಳ್ಳಗಾಗಿರುತ್ತದೆ. ನೀರಿನ ಪೈಪಿನಿಂದ ಕಳ್ಳತನದಲ್ಲಿ ಮಾಡಿದ ಕೋವಿಯ ಕಥೆಯಂತೂ ಕೇಳಲೇಬೇಡಿ. ಪೈಪು ಮಾಡಿದ್ದು ನೀರಿಗೆ, ಬೆಂಕಿಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದು ಅಪರಾಧ.

ಕೊಳವೆಯನ್ನು ನಂಬುವ ಮೊದಲು ಪರೀಕ್ಷಿಸಬೇಕೆಂಬ ಬುದ್ಧಿ ಜನರಿಗೆ ಸುಮ್ಮನೆ ಬಂದದ್ದಲ್ಲ. 1460ರಲ್ಲಿ ಸ್ಕಾಟ್ಲೆಂಡಿನ ರಾಜ ಎರಡನೆಯ ಜೇಮ್ಸ್, ರಾಕ್ಸ್‌ಬರೋ ಕೋಟೆಗೆ ಮುತ್ತಿಗೆ ಹಾಕಿದ್ದಾಗ ತನ್ನದೇ ಫಿರಂಗಿ ಸಿಡಿದು ಸತ್ತ. ಆಗ ಅವನಿಗೆ 29 ವರ್ಷ. 1844ರಲ್ಲಿ ಅಮೆರಿಕದ 'ಪ್ರಿನ್ಸ್‌ಟನ್' ಹಡಗಿನಲ್ಲಿ ಗಣ್ಯರಿಗೆ ತೋರಿಸಲೆಂದು ಹಾರಿಸಿದ ದೊಡ್ಡ ತೋಪು ಒಡೆದು, ಇಬ್ಬರು ಮಂತ್ರಿಗಳೂ ಸೇರಿ ಆರು ಮಂದಿ ತೀರಿಕೊಂಡರು. ಆ ತೋಪಿನ ಹೆಸರು ಏನು ಗೊತ್ತೇ? 'ಶಾಂತಿದೂತ' ಎಂಬರ್ಥದ್ದು! ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲೇ ನಳಿಗೆ ಪರೀಕ್ಷೆಯ ಮನೆಯೊಂದು ಶುರುವಾಗಿತ್ತು. ಬೇಕಾದ್ದಕ್ಕಿಂತ ಹೆಚ್ಚು ಮದ್ದು ತುಂಬಿ, ದೂರದಿಂದ ಸಿಡಿಸಿ, ಗೆದ್ದ ನಳಿಗೆಗೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಆದರೆ ಆ ಮುದ್ರೆ ಹೇಳುವುದು ಅಂದಿನ ನಳಿಗೆಯ ಮಾತು. ನಂತರ ಹಿಡಿದ ತುಕ್ಕಿನ ಲೆಕ್ಕ ಅದರಲ್ಲಿಲ್ಲ.

ಕೇಪು ಚಟ್ಟೆಂದರೂ ಈಡು ಹಾರದಿದ್ದರೆ, 'ಯಾಕೆ ಹೀಗೆ?' ಎಂದು ಬಾಯಿಯೊಳಗೆ ಇಣುಕಿ ನೋಡುವ ಚಾಳಿ ದೊಡ್ಡವರಿಗೂ ಇದೆ. ಒಳಗೆ ಕಿಡಿ ಇನ್ನೂ ಮೆಲ್ಲಗೆ ಉರಿಯುತ್ತಿರಬಹುದು, ತಡವಾಗಿ ಹಾರಬಹುದು. ನಳಿಗೆಯನ್ನು ಜನರಿಲ್ಲದ ಕಡೆಗೆ ತಿರುಗಿಸಿಯೇ ಇಟ್ಟುಕೊಂಡು ಕಾಯಬೇಕು.

ಅಜ್ಜಂದಿರಲ್ಲಿ ಒಂದು ಮಾತು. ನಿಮ್ಮ ಅಪ್ಪನ ಕಾಲದ ಕೋವಿ ಇನ್ನೂ ಜಗಲಿಯ ಗೋಡೆಯಲ್ಲಿದ್ದರೆ, ಲೈಸೆನ್ಸ್ ಇದ್ದವರು ತೀರಿಹೋಗಿದ್ದರೆ, ಅದನ್ನು ಮನೆಯಲ್ಲಿ ಹಾಗೇ ಇಟ್ಟುಕೊಳ್ಳುವಂತಿಲ್ಲ. ಠಾಣೆಗೆ ಮೊದಲು ಸುದ್ದಿ ಮುಟ್ಟಿಸಿ, ಹೇಗೆ ಒಪ್ಪಿಸಬೇಕೆಂದು ಕೇಳಿ. ಒಳಗೆ ಈಡು ಇರಬಹುದೆಂಬ ಅನುಮಾನವಿದ್ದರೆ ಅದನ್ನೂ ಹೇಳಿ. ಮೊಮ್ಮಕ್ಕಳು ಅದನ್ನು ಹೊತ್ತು ಫೋಟೋ ತೆಗೆಸಿಕೊಳ್ಳುತ್ತೇವೆ ಎಂದು ಹಟ ಹಿಡಿದರೆ, ಕೈಗೊಂದು ಬಿದಿರಿನ ಪೆಟ್ಲು ಮಾಡಿಕೊಡಿ.