ಕಾಲಿಗೆ ತೊಟ್ಟ ಪದಕ

ಸೈನಿಕನ ಪದಕ ಎಂದರೆ ಈಗ ಎದೆಯ ಮೇಲೆ ಬಣ್ಣದ ಪಟ್ಟಿಯಿಂದ ತೂಗುವ ಲೋಹದ ಬಿಲ್ಲೆ. ಹೊಯ್ಸಳರ ಕಾಲದಲ್ಲಿ ಅದರ ಜಾಗ ಕಾಲು. ವೀರನೆನಿಸಿಕೊಂಡವನು ಕಾಲಿಗೆ ತೊಡುತ್ತಿದ್ದ ಕಡಗಕ್ಕೆ ಹಳಗನ್ನಡದಲ್ಲಿ ‘ತೊಡರ್’ ಎಂದು ಹೆಸರು. ಗಂಡಪೆಂಡಾರವೂ ಇದೇ ಜಾತಿಯದು. ಅದು ಮುಂದೆ ಕವಿಗಳ, ಪಂಡಿತರ ಕಾಲಿಗೂ ಬಂತು. ಹಣೆಗೆ ಕಟ್ಟುತ್ತಿದ್ದುದು ವೀರಪಟ್ಟ. ರಾಜನಿಗೆ ‘ಪಟ್ಟ ಕಟ್ಟುವುದು’ ಎಂಬ ಮಾತು ಹುಟ್ಟಿದ್ದೂ ಹಣೆಯ ಪಟ್ಟಿಯಿಂದಲೇ. ಇಂದು ತೊಡರು ಎಂದರೆ ಅಡ್ಡಿ ಎಂದಷ್ಟೇ ಅರ್ಥ ಉಳಿದಿದೆ. ಅಂದು ಅದನ್ನು ತೊಟ್ಟವನು ಎದುರಾಳಿಗೆ ಅಡ್ಡಿಯೇ ಆಗಿದ್ದನೆನ್ನಿ.

ತೊಡರಿನ ಕಥೆಯನ್ನು ಕಣ್ಣಾರೆ ಓದಬೇಕೆಂದರೆ ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ದಕ್ಷಿಣಕ್ಕಿರುವ ಗರುಡಗಂಬದ ಬಳಿ ನಿಲ್ಲಬೇಕು. ಇಮ್ಮಡಿ ವೀರಬಲ್ಲಾಳನ ನಂಬುಗೆಯ ದಂಡನಾಯಕ ಕುವರ ಲಕ್ಷ್ಮನ ನೆನಪಿನ ಕಂಬ ಇದು. ಅರಸನ ಜೊತೆಗೇ ಬದುಕು, ಜೊತೆಗೇ ಸಾವು ಎಂದು ಭಾಷೆ ಕೊಟ್ಟವರನ್ನು ‘ಗರುಡರು’ ಎಂದು ಕರೆಯುತ್ತಿದ್ದರು. ಲಕ್ಷ್ಮನ ಕೈಕೆಳಗೆ ಅಂಥ ಸಾವಿರ ಮಂದಿ ಇದ್ದರೆಂದೂ ಆ ಭಾಷೆಯ ಗುರುತಾಗಿ ಎಡಗಾಲಿಗೆ ಚಿನ್ನದ ತೊಡರು ತೊಟ್ಟಿದ್ದರೆಂದೂ ಶಾಸನದಿಂದ ತಿಳಿಯುತ್ತದೆ. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಜೊತೆಗಾರರು ಮಾತಿನಂತೆ ನಡೆದರು. ಕಂಬದ ಮೇಲೆ ಕತ್ತಿ ಹಿರಿದು ತಮ್ಮನ್ನೇ ಕಡಿದುಕೊಳ್ಳುತ್ತಿರುವ ವೀರರ ಸಾಲಿದೆ. ಈಗಿನ ಪದಕ ಮಾಡಿ ಮುಗಿಸಿದ ಸಾಹಸಕ್ಕೆ ಸಿಗುವ ಮನ್ನಣೆ. ತೊಡರು ಮುಂದೆ ತೀರಿಸಬೇಕಾದ ಋಣದ ಗುರುತು.  ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲೂ ಗರುಡಗಂಬಗಳಿವೆ.

ಕಾಲಿನಿಂದ ಮೇಲೇರಿ ಸೊಂಟದ ಒಡವೆಗಳನ್ನು ನೋಡಲು ಬೇಲೂರಿಗೆ ಹೋಗಬೇಕು. 1117ರ ಚೆನ್ನಕೇಶವ ದೇಗುಲದ ಮದನಿಕೆಯರ ನಡುವಿನ ಡಾಬು, ಅದರಿಂದ ತೊಡೆಯ ಮೇಲೆ ಇಳಿಬಿದ್ದ ಮುತ್ತಿನ ಎಳೆ, ಮುಂದೆ ಕೂರುವ ಬಿಲ್ಲೆ, ಇವನ್ನೆಲ್ಲ ಅಕ್ಕಸಾಲಿಯ ಕೆಲಸದಷ್ಟೇ ಸಣ್ಣದಾಗಿ ಕಡೆದಿದ್ದಾರೆ. ಅದಕ್ಕೆ ಕಾರಣ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಒಬ್ಬ ಮದನಿಕೆಯ ಕೈಬಳೆಯಂತೂ ಬೆರಳಿನಿಂದ ಸರಿಸಿದರೆ ಸರಿಯುವಂತಿದೆ! ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಬರೆದಿಟ್ಟಿದ್ದಾರೆ. ಚಿನ್ನದ ಒಡವೆ ಮಾಡಿದ ಅಕ್ಕಸಾಲಿಗೆ ಆ ಭಾಗ್ಯವಿರಲಿಲ್ಲ.

ಯುದ್ಧದ ಬಿರುದು ಮತ್ತು ಸೊಂಟದ ಒಡವೆ ಜಪಾನಿನಲ್ಲೂ ಅಕ್ಕಪಕ್ಕದಲ್ಲೇ ಬೆಳೆದವು. 1876ರಲ್ಲಿ ಅಲ್ಲಿನ ಸರ್ಕಾರ ಸಮುರಾಯಿಗಳು ಬೀದಿಯಲ್ಲಿ ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಕತ್ತಿಯ ಹಿಡಿಗೆ ಲೋಹದ ಅಲಂಕಾರ ಮಾಡುತ್ತಿದ್ದವರಲ್ಲಿ ಹಲವರು ಕಸುಬು ಬದಲಿಸಿ, ಹೆಂಗಸರ ಕಿಮೋನೊದ ನಡುಪಟ್ಟಿಗೆ ಸಿಕ್ಕಿಸುವ ‘ಓಬಿದೋಮೆ’ ಎಂಬ ಪುಟ್ಟ ಬಿಲ್ಲೆಗಳನ್ನು ಮಾಡತೊಡಗಿದರು. ಅದಕ್ಕೆ ಒಂದು ವರ್ಷ ಮೊದಲು, 1875ರಲ್ಲಿ, ಉದಯಸೂರ್ಯನ ಪದಕ ಹುಟ್ಟಿತ್ತು. 1890ರಲ್ಲಿ ಸೈನಿಕರಿಗಷ್ಟೇ ಮೀಸಲಾದ ‘ಚಿನ್ನದ ಹದ್ದು’ ಬಂತು. ಆದಿ ಚಕ್ರವರ್ತಿ ಜಿಮ್ಮುವಿನ ಬಿಲ್ಲಿನ ಮೇಲೆ ಬಂದು ಕುಳಿತ ಹಕ್ಕಿಯ ಕಥೆ ಅದರ ಹಿಂದಿದೆ. ಇಲ್ಲಿ ಗರುಡ, ಅಲ್ಲಿ ಹದ್ದು! ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ, 1947ರಲ್ಲಿ ಆ ಪದಕ ರದ್ದಾಯಿತು. ಈಗ ಈ ಪದಕಗಳೂ ಓಬಿದೋಮೆಗಳೂ ಲೋಕದೆಲ್ಲೆಡೆಯ ಸಂಗ್ರಾಹಕರ ಪೆಟ್ಟಿಗೆ ಸೇರಿವೆ. ಜೊತೆಗೆ ಬಂದ ಅರಗಿನ ಕರಂಡ, ಪ್ರಮಾಣಪತ್ರ ಉಳಿದಿದ್ದರೆ ಪದಕದ ಬೆಲೆ ಏರುತ್ತದೆ.

ಹೊಯ್ಸಳರ ಒಡವೆಗಳಿಗೆ ಅಂಥ ಅದೃಷ್ಟವಿರಲಿಲ್ಲ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರನ ಪಡೆ ಹೊಯ್ಸಳರ ರಾಜಧಾನಿ ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಭಂಡಾರವನ್ನು ಹೊತ್ತೊಯ್ದಿತು. ಹಳೆಯ ಚಿನ್ನ ಕರಗಿಸಿ ಹೊಸದು ಮಾಡಿಸುವ ನಮ್ಮ ಮನೆಗಳ ವಾಡಿಕೆಯೂ ಕಡಿಮೆಯದೇನಲ್ಲ. ಬಿರುದನ್ನು ಹೊತ್ತು ಇಂದಿಗೂ ಕೈಗೆ ಸಿಗುವ ಲೋಹವೆಂದರೆ ನಾಣ್ಯ. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದ ಹೊಯ್ಸಳ ದೊರೆ ವಿಷ್ಣುವರ್ಧನ ತನ್ನ ಹೊನ್ನಿನ ಮೇಲೆ ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ. ‘ಶ್ರೀ ನೊಳಂಬವಾಡಿಗೊಂಡ’ ಎಂಬುದು ಇನ್ನೊಂದು. ಸುಮಾರು ನಾಲ್ಕು ಗ್ರಾಂ ತೂಗುವ ಈ ಹೊನ್ನುಗಳನ್ನು ಗೆಲುವಿನ ಪದಕಗಳೆಂದೇ ಕರೆಯಬಹುದು. ಇವುಗಳ ನಕಲಿಗೂ ಕೊರತೆಯಿಲ್ಲ.

ಸಂಗ್ರಹಕ್ಕೆ ಇಳಿಯುವವರು 1972ರ ಪುರಾವಸ್ತು ಕಾಯ್ದೆಯನ್ನು ಮೊದಲು ತಿಳಿದಿರಬೇಕು. ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಒಡವೆ ಎಲ್ಲವೂ ಅದರಡಿ ಪುರಾವಸ್ತುವೇ; ಖಾಸಗಿಯವರು ಅವನ್ನು ದೇಶದಾಚೆಗೆ ಸಾಗಿಸುವಂತಿಲ್ಲ, ವ್ಯಾಪಾರ ಮಾಡಲು ಪರವಾನಗಿ ಬೇಕು. ಹೊಲ ಉಳುವಾಗ ನಾಣ್ಯದ ಕುಡಿಕೆ ಸಿಕ್ಕರೆ ಅದನ್ನು ಅಕ್ಕಸಾಲಿಯ ಹತ್ತಿರ ಒಯ್ಯದೆ ಜಿಲ್ಲಾಧಿಕಾರಿಗೆ ತಿಳಿಸಬೇಕು.